ಬಾಯಿ, ಗಂಟಲಿನ ಕ್ಯಾನ್ಸರ್ ಇದ್ದವರಿಗೆ ವಿಟಮಿನ್ ಡಿ ಕೊಡುವ ಮೊದಲು

ಅಪ್ಪಯ್ಯನ ಚೀಟಿಯಲ್ಲಿ ವಿಟಮಿನ್ ಡಿ ಪುಡಿ ಬರೆದಿತ್ತು. 60,000 ಯೂನಿಟ್‌ನ ಪೊಟ್ಟಣ, ವಾರಕ್ಕೆ ಒಂದು, ಎಂಟು ವಾರ. ಮೆಡಿಕಲ್ ಶಾಪಿನಲ್ಲಿ ಕವರಿನ ಮೇಲೆ ಪೆನ್ನಿನಿಂದ ಬರೆದುಕೊಟ್ಟಿದ್ದು ಮಾತ್ರ 1-0-0. ಅಂದರೆ ದಿನಾ ಬೆಳಿಗ್ಗೆ ಒಂದು. ಅಮ್ಮ ಕವರ್ ನೋಡಿದಳು, ಚೀಟಿ ನೋಡಲಿಲ್ಲ. ಎಂಟು ಪೊಟ್ಟಣ ಎಂಟೇ ದಿನದಲ್ಲಿ ಖಾಲಿಯಾಯಿತು. ತಮ್ಮ ಹೋಗಿ ಇನ್ನೂ ಹದಿನಾರು ತಂದ. ವಿಟಮಿನ್ ಅಲ್ವಾ, ಕ್ಯಾನ್ಸರ್ ಜೊತೆ ಹೋರಾಡೋಕೆ ಶಕ್ತಿ ಬರುತ್ತೆ ಅಂತ. ಹೀಗೆ 24 ದಿನಕ್ಕೆ 24 ಪೊಟ್ಟಣ ಹೊಟ್ಟೆಗೆ ಹೋಯಿತು.

ನಮ್ಮದು ಸಾಗರದ ಕಡೆ ಅಡಿಕೆ ತೋಟ. ಅಪ್ಪಯ್ಯ ನಲವತ್ತು ವರ್ಷ ತಂಬಾಕು ಸೇರಿಸಿ ಎಲೆ-ಅಡಿಕೆಯ ಕವಳ ಹಾಕಿದವರು. ಎಡಗೆನ್ನೆಯ ಒಳಗೆ, ಕವಳ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ ಹುಣ್ಣಾಯಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ 30 ಸಲ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ. ಆಸ್ಪತ್ರೆಯ ಹತ್ತಿರ ಒಂದು ರೂಮು ಮಾಡಿಕೊಂಡಿದ್ದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಾರದ ಕೊನೆಗೆ ಮಾತ್ರ ಹೋಗಿ ಬರುತ್ತಿದ್ದೆ.

ನಾಲ್ಕನೇ ವಾರದಲ್ಲಿ ಅಪ್ಪಯ್ಯನಿಗೆ ವಾಂತಿ ಜಾಸ್ತಿಯಾಯಿತು. ಕೀಮೋದಿಂದ ಅಂದುಕೊಂಡೆವು. ಮಲಬದ್ಧತೆ ಶುರುವಾಯಿತು. ನೋವಿನ ಮಾತ್ರೆಯಿಂದ ಅಂದುಕೊಂಡೆವು. ರಾತ್ರಿ ಆರೇಳು ಸಲ ಮೂತ್ರಕ್ಕೆ ಏಳುತ್ತಿದ್ದರು. ಕೀಮೋ ಇದ್ದಾಗ ನೀರು ಜಾಸ್ತಿ ಕುಡಿಯಿರಿ ಅಂದಿದ್ದರಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು. ಒಂದು ಶನಿವಾರ ಹೋದಾಗ ನನ್ನನ್ನು ಅತ್ತೆಯ ಹೆಸರು ಹಿಡಿದು ಕರೆದರು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತದಲ್ಲಿ ಕ್ಯಾಲ್ಸಿಯಂ 13.2 ಇತ್ತು. ಇರಬೇಕಾದ್ದು ಹೆಚ್ಚೆಂದರೆ ಹತ್ತೂವರೆ. ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಮಾತ್ರೆಗಳ ಚೀಲ ತರಿಸಿ ಹಾಸಿಗೆಯ ಮೇಲೆ ಸುರಿದರು. ಖಾಲಿ ಪೊಟ್ಟಣಗಳನ್ನು ಅಮ್ಮ ಎಸೆಯದೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಳು. ಅವರು ಒಂದೊಂದಾಗಿ ಎಣಿಸಿದರು. ಅಮ್ಮ ಅಲ್ಲೇ ನಿಂತಿದ್ದಳು.

ಡ್ರಿಪ್ ಹಾಕಿದರು, ಅಪ್ಪಯ್ಯ ಚೇತರಿಸಿಕೊಂಡರು. ಆದರೆ ನಾಲ್ಕು ದಿನ ರೇಡಿಯೇಷನ್ ತಪ್ಪಿತು. ಉಳಿದ ಸಿಸ್‌ಪ್ಲಾಟಿನ್ ಕೊಡಲೇ ಇಲ್ಲ. ಬಾಯಿ, ಗಂಟಲು ಸೇರಿದ ತಲೆ-ಕತ್ತಿನ ಕ್ಯಾನ್ಸರ್‌ನಲ್ಲಿ ರೇಡಿಯೇಷನ್ ನಡುವೆ ಬಿಡುವು ಬಿದ್ದಷ್ಟೂ ಅದರ ಬಲ ಕುಗ್ಗುತ್ತದೆ. ಆ ನಾಲ್ಕು ದಿನ ನಾನು ಮರೆತಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಇದು ದೇಹದಲ್ಲಿ ಮಾಡುವ ಕೆಲಸ ಏನು

ಬಿಸಿಲು ಬಿದ್ದಾಗ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುತ್ತದೆ. ಪಿತ್ತಜನಕಾಂಗದಲ್ಲಿ ಅದಕ್ಕೆ ಒಂದು ಬದಲಾವಣೆ ಆಗುತ್ತದೆ. ಲ್ಯಾಬಿನವರು ಅಳೆಯುವುದು ಈ ರೂಪವನ್ನೇ. ಆಮೇಲೆ ಕಿಡ್ನಿಯಲ್ಲಿ ಇನ್ನೊಂದು ಬದಲಾವಣೆ ಆಗಿ ಕ್ಯಾಲ್ಸಿಟ್ರಿಯಾಲ್ ಆಗುತ್ತದೆ. ನಿಜವಾಗಿ ಕೆಲಸ ಮಾಡುವುದು ಅದು. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಹೀರಿಸುವುದು ಅದರ ಹಳೇ ಕೆಲಸ, ಎಲ್ಲರಿಗೂ ಗೊತ್ತಿದ್ದದ್ದು.

ಕಡಿಮೆ ಜನಕ್ಕೆ ಗೊತ್ತಿರುವುದು ಇನ್ನೊಂದಿದೆ. ರೋಗದ ವಿರುದ್ಧ ಕಾವಲು ಕಾಯುವ ಬಿಳಿ ರಕ್ತಕಣಗಳಲ್ಲೂ ವಿಟಮಿನ್ ಡಿ ಹಿಡಿದುಕೊಳ್ಳುವ ಗ್ರಾಹಕ ಇದೆ. ಕೆಲವು ಕಣಗಳು ಕಿಡ್ನಿಗೆ ಕಾಯದೆ ತಾವೇ ಅದನ್ನು ಕ್ಯಾಲ್ಸಿಟ್ರಿಯಾಲ್ ಮಾಡಿಕೊಳ್ಳುತ್ತವೆ. ಬಾಯಿ, ಗಂಟಲಿನ ಕ್ಯಾನ್ಸರ್ ಗೆಡ್ಡೆಗೆ ಒಂದು ಕೆಟ್ಟ ಗುಣ ಉಂಟು. ಅದು ಈ ಕಾವಲಿನವರನ್ನು ಮಂಕು ಮಾಡುತ್ತದೆ. ಇನ್ನೂ ಬಲಿಯದ ಎಳೆಯ ಕಣಗಳನ್ನು ಸುತ್ತ ಸೇರಿಸಿಕೊಂಡು, ಬಲಿತವು ಕೆಲಸ ಮಾಡದ ಹಾಗೆ ತಡೆಯುತ್ತದೆ.

ಅಮೆರಿಕದ ಸೌತ್ ಕ್ಯಾರೊಲಿನಾದ ಸಂಶೋಧಕರು ಇದರ ಮೇಲೇ ಕೆಲಸ ಮಾಡಿದರು. ಕ್ಯಾನ್ಸರ್ ಗೊತ್ತಾದ ಮೇಲೆ ಆಪರೇಷನ್‌ಗೆ ಮುಂಚೆ ಸಿಗುವ ಮೂರು ವಾರದಲ್ಲಿ ಕೆಲವು ರೋಗಿಗಳಿಗೆ ಕ್ಯಾಲ್ಸಿಟ್ರಿಯಾಲ್ ಕೊಟ್ಟರು. 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧ ತೆಗೆದುಕೊಂಡವರ ಗೆಡ್ಡೆಯ ಒಳಗೆ ಟಿ ಕಣಗಳು ಎಂಬ ಕಾವಲು ಕಣಗಳು, ಶತ್ರುವಿನ ಗುರುತು ತೋರಿಸಿಕೊಡುವ ಬಲಿತ ಕಣಗಳು ಜಾಸ್ತಿ ನುಗ್ಗಿದ್ದವು. ರೋಗ ಮರಳಲು ಹೆಚ್ಚು ಸಮಯ ಹಿಡಿಯಿತು. ಓದಿದರೆ ಆಸೆ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಆದರೆ ಆ ಅಧ್ಯಯನ ತೀರಾ ಚಿಕ್ಕದು. ಕೊಟ್ಟಿದ್ದು ನಾವು ಅಂಗಡಿಯಿಂದ ತರುವ ಪುಡಿಯಲ್ಲ, ಡಾಕ್ಟರ ಕಣ್ಣೆದುರು ಕೊಡುವ ಬೇರೆ ಔಷಧ.

ಜರ್ಮನಿಯಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂರಕ್ಕೂ ಹೆಚ್ಚು ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳನ್ನು ನೋಡಿತು. ವಿಟಮಿನ್ ಡಿ ಕಡಿಮೆ ಇದ್ದವರು ಕಡಿಮೆ ಕಾಲ ಬದುಕಿದ್ದರು. ಇಲ್ಲಿ ಒಂದು ಎಚ್ಚರ ಬೇಕು. ಬಾಯಿ ತೆರೆಯಲಾಗದವರು ಸರಿಯಾಗಿ ತಿನ್ನುವುದಿಲ್ಲ. ಸುಸ್ತಾದವರು ಅಂಗಳಕ್ಕೆ ಬರುವುದಿಲ್ಲ. ರೋಗ ಜೋರಾಗಿದ್ದಷ್ಟೂ ವಿಟಮಿನ್ ಡಿ ಇಳಿಯುತ್ತದೆ. ಹಾಗಾಗಿ ಕಡಿಮೆ ಮಟ್ಟ ರೋಗ ಜೋರಾಗಲು ಕಾರಣವೋ, ಜೋರಾಗಿದ್ದರ ಗುರುತೋ ಅಂತ ಇಂಥ ಲೆಕ್ಕದಿಂದ ಹೇಳಲಾಗುವುದಿಲ್ಲ.

ದೊಡ್ಡ ಪರೀಕ್ಷೆ ಅಂದರೆ ಅಮೆರಿಕದ ವೈಟಲ್ ಅನ್ನುವ ಅಧ್ಯಯನ. 25,871 ಆರೋಗ್ಯವಂತರು, ದಿನಕ್ಕೆ 2,000 ಯೂನಿಟ್, ಸುಮಾರು ಐದು ವರ್ಷ. ಕ್ಯಾನ್ಸರ್ ಬರುವುದು ಅದರಿಂದ ಕಡಿಮೆಯಾಗಲಿಲ್ಲ. ಜಪಾನಿನಲ್ಲಿ ಅನ್ನನಾಳ, ಹೊಟ್ಟೆ, ಕರುಳಿನ ಕ್ಯಾನ್ಸರ್ ಆಪರೇಷನ್ ಆದ 417 ಜನರ ಮೇಲೆ ಇದೇ ಪ್ರಮಾಣ ಪರೀಕ್ಷಿಸಿದರು. ರೋಗ ಮರಳುವುದರಲ್ಲಿ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ 2019ರ ಫಲಿತಾಂಶದಲ್ಲಿ ಕಾಣಲಿಲ್ಲ.

ಇನ್ನೊಂದು ಮಾತು. ವಿಟಮಿನ್ ಡಿ ಕಾವಲು ಕಣಗಳನ್ನು ಬರೀ ಹುರಿದುಂಬಿಸುವುದಿಲ್ಲ. ಕೆಲವನ್ನು ಶಾಂತ ಮಾಡುತ್ತದೆ ಕೂಡ. ಅದಕ್ಕೇ 'ಇಮ್ಯೂನಿಟಿ ಬೂಸ್ಟರ್' ಅನ್ನುವ ಹೆಸರು ಇದಕ್ಕೆ ಹೊಂದುವುದಿಲ್ಲ.

ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದಾಗ ಅವರು ತೋಟದ ಮಾತಿನಲ್ಲೇ ಹೇಳಿದರು. "ಗೊಬ್ಬರ ಇಲ್ಲದೆ ಸೊರಗಿದ ಮರಕ್ಕೆ ಗೊಬ್ಬರ ಹಾಕಲೇಬೇಕು. ಆದರೆ ಗೊಬ್ಬರ ಹಾಕಿದರೆ ಕೊಳೆರೋಗ ಹೋಗುತ್ತದಾ? ಅದಕ್ಕೆ ಬೋರ್ಡೋ ದ್ರಾವಣಾನೇ ಹೊಡೆಯಬೇಕು." ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರುವುದಿಲ್ಲ. ಕೊರತೆ ಇದ್ದರೆ ತುಂಬಿಸಿ. ಚಿಕಿತ್ಸೆ ಅಂತ ಕೊಡಬೇಡಿ.

ಪುಡಿ ತರುವ ಮೊದಲು ರಕ್ತ ಪರೀಕ್ಷೆ

ಲ್ಯಾಬಿನಲ್ಲಿ ಕೇಳಬೇಕಾದ ಟೆಸ್ಟ್ 25-ಹೈಡ್ರಾಕ್ಸಿ ವಿಟಮಿನ್ ಡಿ. ಖಾಲಿ ಹೊಟ್ಟೆ ಬೇಕಿಲ್ಲ. ಹೆಸರಿನಲ್ಲಿ 1,25 ಅಂತ ಇರುವ ಇನ್ನೊಂದು ಟೆಸ್ಟ್ ಇದೆ, ಕೊರತೆ ನೋಡಲು ಅದು ಅಲ್ಲ. ಉತ್ತರ ನ್ಯಾನೋಗ್ರಾಂನಲ್ಲಿ ಬರುತ್ತದೆ. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಬಹಳ ಡಾಕ್ಟರು ತಿಳಿಯುತ್ತಾರೆ. 20ರಿಂದ 30ರ ನಡುವೆ ಇದ್ದರೆ ಅಭಿಪ್ರಾಯ ಬೇರೆ ಬೇರೆ. ಕೆಲವು ಲ್ಯಾಬ್ ನ್ಯಾನೋಮೋಲ್‌ನಲ್ಲಿ ಕೊಡುತ್ತವೆ. ಆಗ ಎರಡೂವರೆಯಿಂದ ಭಾಗಿಸಿ. 50 ಅಂತ ಬಂದರೆ ಅದು ನಮ್ಮ 20. ಅಪ್ಪಯ್ಯನದು ಮೊದಲ ಸಲ 9 ಇತ್ತು. ಕೊರತೆ ನಿಜವಾಗಿಯೂ ಇತ್ತು. ಡಾಕ್ಟರು ಬರೆದಿದ್ದು ಸರಿಯಾಗೇ ಇತ್ತು.

ಅದೇ ರಕ್ತದಲ್ಲಿ ಇನ್ನೂ ಮೂರು ನೋಡಿಸಿ: ಕ್ಯಾಲ್ಸಿಯಂ, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್. ಬೇರೆ ಕಾಯಿಲೆಯವರಿಗಿಂತ ನಮ್ಮವರಿಗೆ ಇದು ಜಾಸ್ತಿ ಮುಖ್ಯ. ತಲೆ-ಕತ್ತಿನ ಕ್ಯಾನ್ಸರ್ ಕೆಲವರಲ್ಲಿ ತಾನಾಗೇ ಕ್ಯಾಲ್ಸಿಯಂ ಏರಿಸುತ್ತದೆ. ಹಾಗೆ ಏರಿದವರಿಗೆ ವಿಟಮಿನ್ ಡಿ ಕೊಟ್ಟರೆ ಬೆಂಕಿಗೆ ತುಪ್ಪ. ಸಿಸ್‌ಪ್ಲಾಟಿನ್ ಕಿಡ್ನಿಯನ್ನು ದಣಿಸುವ ಔಷಧ. ಏರಿದ ಕ್ಯಾಲ್ಸಿಯಂ ಕೂಡ ಕಿಡ್ನಿಗೇ ಹೊಡೆಯುತ್ತದೆ. ಎರಡೂ ಸೇರಿದರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ.

ಆಲ್ಬುಮಿನ್ ಯಾಕೆ ಅಂದರೆ, ಊಟ ಸೇರದವರಲ್ಲಿ ಅದು ಇಳಿದಿರುತ್ತದೆ. ಆಗ ಕ್ಯಾಲ್ಸಿಯಂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಲೆಕ್ಕ ಸುಲಭ. 4ರಿಂದ ಆಲ್ಬುಮಿನ್ ಕಳೆಯಿರಿ, ಬಂದಿದ್ದನ್ನು 0.8ರಿಂದ ಗುಣಿಸಿ, ಕ್ಯಾಲ್ಸಿಯಂಗೆ ಕೂಡಿಸಿ. ಆಲ್ಬುಮಿನ್ 2.5, ಕ್ಯಾಲ್ಸಿಯಂ 9.8 ಇದ್ದರೆ ನಿಜವಾದ ಕ್ಯಾಲ್ಸಿಯಂ ಸುಮಾರು 11. ರಿಪೋರ್ಟಿನಲ್ಲಿ ನಾರ್ಮಲ್ ಅಂತಲೇ ಕಾಣುತ್ತದೆ, ನೋಡಿ!

ಕಿಡ್ನಿ ಕಲ್ಲು ಆಗಿದ್ದರೆ, ಟಿಬಿ ಇದ್ದರೆ, ಬಿಪಿಗೆ ಕ್ಲೋರ್‌ಥಾಲಿಡೋನ್ ಥರದ ಮೂತ್ರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇವೆಲ್ಲದರಲ್ಲೂ ಕ್ಯಾಲ್ಸಿಯಂ ತೊಂದರೆ ಬೇಗ ಬರಬಹುದು.

ಚೀಟಿ ಓದುವುದು

ಚೀಟಿಯಲ್ಲಿ ಎರಡು ಪದ ನೋಡಿ. ಕೋಲೆಕ್ಯಾಲ್ಸಿಫೆರಾಲ್ ಅಂದರೆ ಸಾಮಾನ್ಯ ವಿಟಮಿನ್ ಡಿ3. ಕ್ಯಾಲ್ಸಿಟ್ರಿಯಾಲ್ ಅಂದರೆ ತಯಾರಾದ, ಜೋರಾದ ರೂಪ. ಕತ್ತಿನ ಆಪರೇಷನ್‌ನಲ್ಲಿ ಥೈರಾಯ್ಡ್ ಹಿಂದಿನ ಚಿಕ್ಕ ಗ್ರಂಥಿಗಳಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿದವರಿಗೆ ಇದನ್ನು ಕೊಡುತ್ತಾರೆ. ಅಂಥವರು ಇದನ್ನು ತಾವಾಗೇ ನಿಲ್ಲಿಸಬಾರದು. ಒಂದರ ಬದಲು ಇನ್ನೊಂದು ಕೊಟ್ಟರೆ ಅಂಗಡಿಯಿಂದ ತರಬೇಡಿ.

60,000 ಯೂನಿಟ್ ಎಂದರೆ ಎಷ್ಟು ಅಂತ ಅಂದಾಜಿರಲಿ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಅಂತ ಗೊತ್ತುಪಡಿಸಿದೆ. ಒಂದು ಪೊಟ್ಟಣ ನೂರು ದಿನದ ಪಾಲು! ಕೊರತೆ ತುಂಬಿಸಲು ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು ಅಥವಾ ದಿನದ ಚಿಕ್ಕ ಮಾತ್ರೆ. ನಮ್ಮಲ್ಲಿ ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ. ನಿಮ್ಮವರಿಗೆ ಎಷ್ಟು ಅಂತ ಅವರ ಡಾಕ್ಟರೇ ಹೇಳಬೇಕು.

ಈಗ ನಾವು ಮಾಡುವ ವ್ಯವಸ್ಥೆ ಹೇಳುತ್ತೇನೆ. ಡಾಕ್ಟರ ಎದುರೇ ಕೂತು, "ಇದು ವಾರಕ್ಕೋ, ದಿನಕ್ಕೋ?" ಅಂತ ಜೋರಾಗಿ ಕೇಳುತ್ತೇವೆ. ಉತ್ತರವನ್ನು ಕನ್ನಡದಲ್ಲಿ ಚೀಟಿಯ ಹಿಂದೆ ಬರೆದುಕೊಳ್ಳುತ್ತೇವೆ. ಪುಡಿಯನ್ನು ದಿನದ ಮಾತ್ರೆಗಳ ಡಬ್ಬಿಯಲ್ಲಿ ಇಡುವುದೇ ಇಲ್ಲ. ದೇವರ ಗೂಡಿನ ಪಕ್ಕದ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಸುತ್ತು ಹಾಕಿ, ಪೊಟ್ಟಣವನ್ನು ಆ ಕ್ಯಾಲೆಂಡರಿನ ಮೊಳೆಗೇ ಚೀಲ ಕಟ್ಟಿ ಇಡುತ್ತೇವೆ. ಕೊಟ್ಟ ಮೇಲೆ ಸುತ್ತಿನ ಮೇಲೆ ಅಡ್ಡಗೆರೆ. ಗೆರೆ ಇಲ್ಲದ ಕೆಂಪು ಸುತ್ತು ಇದ್ದರೆ ಮಾತ್ರ ಕೊಡುವುದು. ಒಂದು ವಾರ ಮರೆತರೆ ಮರುದಿನ ಕೊಡಬಹುದು, ಒಟ್ಟಿಗೆ ಎರಡು ಕೊಡುವುದಿಲ್ಲ.

ಮನೆಯಲ್ಲಿರುವ ಉಳಿದ ಡಬ್ಬಿಗಳನ್ನೂ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಓದಿ. ಕ್ಯಾಲ್ಸಿಯಂ ಮಾತ್ರೆಯಲ್ಲಿ ಡಿ3 ಇರುತ್ತದೆ. ಮಲ್ಟಿವಿಟಮಿನ್‌ನಲ್ಲಿ ಇರುತ್ತದೆ. ನುಂಗಲಾಗದವರಿಗೆ ಮೂಗಿನ ನಳಿಗೆಯಲ್ಲಿ ಕೊಡುವ ಪ್ರೋಟೀನ್ ಪುಡಿಯಲ್ಲೂ ಇರುತ್ತದೆ. ಎಲ್ಲ ಕೂಡಿಸಿ ಡಾಕ್ಟರಿಗೆ ತೋರಿಸಿ. ಡಬ್ಬಿಗಳ ಫೋಟೋ ತೆಗೆದುಕೊಂಡು ಹೋದರೆ ಸಾಕು.

ನುಂಗಲಾಗದವರಿಗೆ ಕೊಡುವ ಬಗೆ

ಇದು ಜಿಡ್ಡಿನಲ್ಲಿ ಕರಗುವ ವಿಟಮಿನ್. ಖಾಲಿ ಹೊಟ್ಟೆಗಿಂತ ಊಟದ ಜೊತೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ. ತಿಳಿ ಮಜ್ಜಿಗೆಗಿಂತ ಹಾಲು, ತುಪ್ಪ ಹಾಕಿದ ಗಂಜಿ ಮೇಲು.

ರೇಡಿಯೇಷನ್‌ನಿಂದ ಬಾಯೆಲ್ಲ ಹುಣ್ಣಾಗಿದ್ದಾಗ ಹಾಲು ತಣ್ಣಗಿರಲಿ. ಕಿತ್ತಳೆ ರುಚಿಯ ಪುಡಿಗಳು ಉರಿಯುತ್ತವೆ, ಅಪ್ಪಯ್ಯ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಪುಡಿಯಲ್ಲಿ ಸಕ್ಕರೆ ಇರುತ್ತದೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬೇಗ ಹಾಳಾಗುತ್ತದೆ, ಹಾಗಾಗಿ ಕುಡಿದ ಮೇಲೆ ಬಾಯಿ ಮುಕ್ಕಳಿಸಲಿ.

ಮೂಗಿನ ನಳಿಗೆ ಇದ್ದರೆ ಕ್ಯಾಪ್ಸೂಲ್ ಬೇಡ. ಚುಚ್ಚಿ ಹಿಂಡಿದರೆ ಎಣ್ಣೆ ನಳಿಗೆಗೇ ಅಂಟಿ ಉಳಿಯುತ್ತದೆ. ಪುಡಿ ಅಥವಾ ದ್ರವದ ರೂಪ ಬರೆದುಕೊಡಿ ಅಂತ ಕೇಳಿ. ನಾವು ಮಾಡಿದ್ದು ಹೀಗೆ. ತಲೆಯ ಕಡೆ ಎತ್ತರಿಸಿ ಕೂರಿಸುವುದು. ಮೊದಲು ಸ್ವಲ್ಪ ನೀರು ಬಿಟ್ಟು ನಳಿಗೆ ತೆರವಾಗಿದೆಯಾ ನೋಡುವುದು. ಅರ್ಧ ಲೋಟ ಉಗುರು ಬೆಚ್ಚಗಿನ ಹಾಲಿಗೆ ಪುಡಿ ಹಾಕಿ, ಲೋಟದ ತಳದಲ್ಲಿ ಕಾಳು ಉಳಿಯದ ಹಾಗೆ ಕದಡುವುದು. ಸಿರಿಂಜಿನ ದಿಂಡು ತೆಗೆದು ನಿಧಾನ ಸುರಿಯುವುದು, ತಾನಾಗೇ ಇಳಿಯಬೇಕು, ಒತ್ತಬಾರದು. ಅದೇ ಲೋಟಕ್ಕೆ ನೀರು ಹಾಕಿ ತೊಳೆದು ಆ ನೀರನ್ನೂ ಬಿಡುವುದು. ಆಮೇಲೆ ಅರ್ಧ ಗಂಟೆ ಮಲಗಿಸಬಾರದು. ಇಡೀ ಹೊತ್ತಿನ ಗಂಜಿಗೆ ಪುಡಿ ಬೆರೆಸಬೇಡಿ. ಅರ್ಧ ಉಳಿದರೆ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ.

ಬಿಸಿಲು, ಊಟ

ಬಿಸಿಲು ಒಳ್ಳೆಯದು, ಆದರೆ ರೇಡಿಯೇಷನ್ ಬಿದ್ದ ಚರ್ಮಕ್ಕಲ್ಲ. ಕತ್ತು, ಕೆನ್ನೆ ಸುಟ್ಟ ಹಾಗೆ ಕಪ್ಪಾಗಿರುತ್ತದೆ. ಹಳೇ ಮೆತ್ತನೆ ಹತ್ತಿ ಪಂಚೆ ಸಡಿಲವಾಗಿ ಹೊದಿಸಿ, ಅಗಲ ಅಂಚಿನ ಟೋಪಿ ಹಾಕಿ, ಕೈಕಾಲಿಗೆ ಮಾತ್ರ ಬಿಸಿಲು ಬೀಳಲಿ. ವಿಟಮಿನ್ ಡಿ ಮಾಡುವ ಕಿರಣ ಎಳೆಬಿಸಿಲಿನಲ್ಲಿ ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತು ಸರಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನ ಇಲ್ಲ, ಗಾಜು ಆ ಕಿರಣ ತಡೆಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಬಿಸಿಲು ನೆಚ್ಚಿಕೊಂಡು ಕೂರುವ ಹಾಗೇ ಇಲ್ಲ.

ಊಟದಿಂದ ಸಿಗುವುದು ಸ್ವಲ್ಪ. ಬಂಗುಡೆ, ಬೂತಾಯಿಯಂಥ ಜಿಡ್ಡು ಮೀನು, ಮೊಟ್ಟೆಯ ಹಳದಿ. ನಮ್ಮಂಥ ಸಸ್ಯಾಹಾರಿಗಳಿಗೆ ವಿಟಮಿನ್ ಸೇರಿಸಿದ ಹಾಲು. ಪ್ಯಾಕೆಟ್ ಮೇಲೆ ಪ್ಲಸ್ ಎಫ್ ಗುರುತು ನೋಡಿ. ಅದರಲ್ಲೂ ಲೀಟರಿಗೆ 200ರಿಂದ 300 ಯೂನಿಟ್ ಅಷ್ಟೇ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ ಇದೆ, ವಿಟಮಿನ್ ಡಿ ಇಲ್ಲ. ಆದರೂ ರಾಗಿ ಸರಿ ಬಿಡಬೇಡಿ. ತೂಕ ಇಳಿಯದ ಹಾಗೆ ನೋಡಿಕೊಳ್ಳುವುದು ಈ ಚಿಕಿತ್ಸೆಯಲ್ಲಿ ಯಾವ ವಿಟಮಿನ್‌ಗಿಂತಲೂ ದೊಡ್ಡದು.

"ವಿಟಮಿನ್ ತಾನೇ" ಅನ್ನುವವರಿಗೆ

ನಮ್ಮನೆಗೆ ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಡಬ್ಬಿ ತಂದರು. ಪ್ರೀತಿಯಿಂದಲೇ ತಂದಿದ್ದು. ಅವರಿಗೆ ನಾನು ಕೆನಡಾದ ಕ್ಯುಬೆಕ್‌ನ ಕಥೆ ಹೇಳುತ್ತಿದ್ದೆ. ಅಲ್ಲಿ ರೇಡಿಯೇಷನ್ ತೆಗೆದುಕೊಳ್ಳುತ್ತಿದ್ದ 540 ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಲ್ಲಿ ಅರ್ಧ ಜನಕ್ಕೆ ವಿಟಮಿನ್ ಇ ಕೊಟ್ಟು ನೋಡಿದರು. ಒಳ್ಳೆಯದಾಗುತ್ತದೆ ಅಂತಲೇ ಕೊಟ್ಟಿದ್ದು. 2005ರಲ್ಲಿ ಬಂದ ಫಲಿತಾಂಶ ಉಲ್ಟಾ. ವಿಟಮಿನ್ ತೆಗೆದುಕೊಳ್ಳುತ್ತಿದ್ದಾಗ ಎರಡನೇ ಕ್ಯಾನ್ಸರ್ ಅವರಲ್ಲೇ ಜಾಸ್ತಿ ಕಂಡಿತು. ಇದು ವಿಟಮಿನ್ ಡಿ ಅಲ್ಲ, ನಿಜ. ಆದರೆ ಡಬ್ಬಿ ತಂದವರು ಈ ಕಥೆ ಕೇಳಿದ ಮೇಲೆ ಒತ್ತಾಯ ಮಾಡಲಿಲ್ಲ.

ವಿಟಮಿನ್ ಡಿ ಪರವಾಗಿಯೂ ಒಂದು ಮಾತಿದೆ. ಲಕ್ನೋದ ಡಾಕ್ಟರು ಬಾಯಿ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಯ ಜೊತೆ ಇದನ್ನು ಕೊಟ್ಟು 2017ರಲ್ಲಿ ಬರೆದರು. ಬಾಯಿ ಹುಣ್ಣು, ನುಂಗುವ ಕಷ್ಟ ಕಡಿಮೆಯಾಗಿತ್ತು. ಚಿಕ್ಕ ಅಧ್ಯಯನ. ಆದರೂ ಆ ಹುಣ್ಣನ್ನು ಹತ್ತಿರದಿಂದ ನೋಡಿದವಳಾಗಿ ನನಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ. ಕೊರತೆ ಇದ್ದವರು ಬಿಡಬಾರದು ಅನ್ನಲು ಇದೂ ಒಂದು ಕಾರಣ.

ರೋಗ ಮರಳಿದವರ ಮನೆಯವರು ರೋಗನಿರೋಧಕ ಶಕ್ತಿ ಎಬ್ಬಿಸುವ ಚಿಕಿತ್ಸೆ ಬೇಕು ಅಂತ ಹುಡುಕಿದರೆ, ಅಂಗಡಿಯ ಡಬ್ಬಿಗಳಲ್ಲಿ ಹುಡುಕಬೇಡಿ. ಇಮ್ಯುನೋಥೆರಪಿ ಬಗ್ಗೆ ಡಾಕ್ಟರನ್ನು ಕೇಳಿ. ಅದು ತೀರಾ ದುಬಾರಿ ಅಂತ ಬಿಟ್ಟವರೂ ಕೇಳಿ. ಮುಂಬೈಯ ಟಾಟಾ ಮೆಮೋರಿಯಲ್‌ನವರು ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು ಬರೀ 20 ಮಿಲಿಗ್ರಾಂನಷ್ಟು, ಮೂರು ವಾರಕ್ಕೊಮ್ಮೆ, ಬಾಯಲ್ಲಿ ತೆಗೆದುಕೊಳ್ಳುವ ಔಷಧಗಳ ಜೊತೆ ಕೊಟ್ಟರು. ಗುಣವಾಗುವ ಹಂತ ದಾಟಿದ ರೋಗಿಗಳಲ್ಲಿ ಒಂದು ವರ್ಷ ಬದುಕಿದ್ದವರು, ಬರೀ ಬಾಯಲ್ಲಿ ತೆಗೆದುಕೊಳ್ಳುವ ಔಷಧ ಕೊಟ್ಟಾಗ ನೂರಕ್ಕೆ 16 ಇದ್ದಿದ್ದು, ಇದನ್ನೂ ಸೇರಿಸಿದಾಗ 43 ಆಯಿತು.

ಯಾವಾಗ ಓಡಬೇಕು

ಬಾಯಾರಿಕೆ ವಿಪರೀತ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ, ವಾಂತಿ, ಮಂಕು, ಮಾತು ತಪ್ಪುವುದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಕೀಮೋದ್ದು ಅಂತ ಸುಮ್ನೆ ಕೂರಬೇಡಿ. ಅವತ್ತೇ ಕ್ಯಾಲ್ಸಿಯಂ ನೋಡಿಸಿ. ಪುಡಿ ನಿಲ್ಲಿಸಿದ ತಕ್ಷಣ ಇದು ಇಳಿಯುವುದಿಲ್ಲ. ಕೊಬ್ಬಿನಲ್ಲಿ ಕೂತ ವಿಟಮಿನ್ ವಾರಗಟ್ಟಲೆ ಹೊರಬರುತ್ತಲೇ ಇರುತ್ತದೆ. ಅಪ್ಪಯ್ಯನಿಗೆ ಎರಡು ತಿಂಗಳು ವಾರಕ್ಕೊಮ್ಮೆ ರಕ್ತ ತೆಗೆದರು.

ಎಲ್ಲ ಸರಿ ಇದ್ದರೂ ಎಂಟು ವಾರದ ಕೋರ್ಸ್ ಮುಗಿದ ಮೇಲೆ, ಶುರು ಮಾಡಿ ಮೂರು ತಿಂಗಳ ಹೊತ್ತಿಗೆ, ಮತ್ತೆ ಮಟ್ಟ ನೋಡಿಸಿ. ಅದೇ ಲ್ಯಾಬ್ ಆದರೆ ಹೋಲಿಸಲು ಸುಲಭ. ಕತ್ತಿಗೆ ರೇಡಿಯೇಷನ್ ಆಗಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತ ಪರೀಕ್ಷೆ ಕೂಡ ಬೇಕು. ಸುಸ್ತು ಅಂದ ಕೂಡಲೇ ವಿಟಮಿನ್ ಕೊರತೆ ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಅದು ಥೈರಾಯ್ಡ್ ಇಳಿದಿದ್ದರಿಂದ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ. ಅದು ಈ ಪರೀಕ್ಷೆಗಳ ಉತ್ತರ ತಪ್ಪಿಸಬಹುದು.

ಅಪ್ಪಯ್ಯನಿಗೆ ಚಿಕಿತ್ಸೆ ಮುಗಿದು ಮೂರು ವರ್ಷವಾಯಿತು. ಕವಳದ ತಟ್ಟೆ ಅಟ್ಟಕ್ಕೆ ಹೋಗಿದೆ. ಹೋದ ವರ್ಷ ವಿಟಮಿನ್ ಡಿ ಮತ್ತೆ 16ಕ್ಕೆ ಇಳಿದಿತ್ತು. ಈ ಸಲ ಕ್ಯಾಲ್ಸಿಯಂ ನೋಡಿಯೇ ಡಾಕ್ಟರು ದಿನಕ್ಕೆ 1,000 ಯೂನಿಟ್‌ನ ಚಿಕ್ಕ ಮಾತ್ರೆ ಕೊಟ್ಟರು. ದಿನದ್ದಾದರೆ ದಿನದ ಡಬ್ಬಿಯಲ್ಲೇ ಇರುತ್ತದೆ, ಗೊಂದಲ ಇಲ್ಲ. ಈಗ 31 ಇದೆ. ಮಾತ್ರೆ ತಂದ ದಿನ ಕವರಿನ ಮೇಲೆ ಬರೆದಿದ್ದನ್ನೂ ಚೀಟಿಯನ್ನೂ ಪಕ್ಕ ಪಕ್ಕ ಇಟ್ಟು ಅಮ್ಮ ಎರಡು ಸಲ ಓದುತ್ತಾಳೆ. ಆಮೇಲೆ ನನಗೆ ಫೋನಿನಲ್ಲಿ ಓದಿ ಹೇಳುತ್ತಾಳೆ.